ಕೋರೆಗಾಂವ್ ಕಂಬದಿಂದ ಧಮ್ಮದ ಕಡೆಗೆ



ಬಂಧುಗಳೇ, ಜನವರಿ 1 ಬಂತೆಂದರೆ ನಮ್ಮ ಕಡೆಯಿಂದಲೂ ಕೆಲವರು ಬೀರೂರಿನಲ್ಲಿ ರೈಲು ಹತ್ತಿ ಪುಣೆಗೆ ಹೋಗುತ್ತಾರೆ, ಭೀಮಾ ಕೋರೆಗಾಂವ್ ವಿಜಯಸ್ತಂಭ ನೋಡಿ ಬರುತ್ತಾರೆ. 1927ರ ಜನವರಿ 1ರಂದು ಬಾಬಾಸಾಹೇಬರೂ ಅಲ್ಲಿ ನಿಂತಿದ್ದರು. ಆಗ ಅವರಿಗೆ 35 ವರ್ಷ.

ಅವರದು ಸೈನಿಕರ ಮನೆತನ. ಹುಟ್ಟಿದ್ದು 1891ರಲ್ಲಿ, ಮಹೂ ದಂಡಿನಲ್ಲಿ. ತಂದೆ ಸುಬೇದಾರ್ ರಾಮಜಿ. ಸುಬೇದಾರರ ಮಗನಾದರೂ ಶಾಲೆಯಲ್ಲಿ ನೀರಿನ ಪಾತ್ರೆ ಮುಟ್ಟುವಂತಿರಲಿಲ್ಲ. ಅವರ ಬಾಲ್ಯದಲ್ಲೇ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೂ ನಿಲ್ಲಿಸಿದರು.

1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಸುಮಾರು 800 ಜನರ ಕಂಪನಿ ಪಡೆ ಪೇಶ್ವೆ ಎರಡನೇ ಬಾಜಿರಾಯನ ಸೈನ್ಯವನ್ನು ದಿನವಿಡೀ ತಡೆದು ನಿಂತಿತು. ಕಂಬದ ಮೇಲಿರುವ 49 ಹೆಸರುಗಳಲ್ಲಿ 22 ಮಹಾರರವು. ಯುದ್ಧ ಕಂಪನಿಯದು, ಕಂಬ ಕಟ್ಟಿಸಿದ್ದೂ ಕಂಪನಿಯೇ. ಆದರೆ ಊರು ಯಾರನ್ನು ಹೊರಗಿಟ್ಟಿತ್ತೋ ಅವರ ಹೆಸರು ಕಲ್ಲಿನಲ್ಲಿ ಉಳಿಯಿತು. ಬಾಬಾಸಾಹೇಬರು ತಮ್ಮ ಜನರನ್ನು ಅಲ್ಲಿಗೆ ಕರೆದದ್ದು ಆ ನೆನಪಿಗಾಗಿ.

ಆಮೇಲೆ ಅವರು ಮಾಡಿದ್ದನ್ನು ಗಮನಿಸಿ. ಮೂರು ತಿಂಗಳೊಳಗೆ, ಮಾರ್ಚ್ 20ರಂದು, ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಸವರ್ಣರು ದೊಣ್ಣೆ ಹಿಡಿದು ಜನರ ಮೇಲೆ ಬಿದ್ದರು. ನಮ್ಮವರಲ್ಲಿ ಸೈನ್ಯದಲ್ಲಿ ದುಡಿದು ಬಂದವರಿದ್ದರು, ತಿರುಗಿ ಹೊಡೆಯಬಲ್ಲವರಿದ್ದರು. ಬಾಬಾಸಾಹೇಬರು ಅವರ ಕೈ ತಡೆದರು. ಹೋರಾಟ ನ್ಯಾಯಾಲಯಕ್ಕೆ ಹೋಯಿತು. ಹತ್ತು ವರ್ಷ ಕಾದು, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಆ ನೀರಿನ ಹಕ್ಕನ್ನು ಗೆದ್ದರು. ಹೊಡೆಯುವ ಶಕ್ತಿ ಇದ್ದೂ ಹೊಡೆಯದೆ ನಿಲ್ಲುವುದು ಕೋರೆಗಾಂವ್‌ನ ಶೌರ್ಯಕ್ಕಿಂತ ಕಡಿಮೆಯದಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಧಮ್ಮ ಸ್ವೀಕರಿಸಿದರು. ಅದಕ್ಕೆ ಆರಿಸಿಕೊಂಡ ದಿನ ಅಶೋಕ ವಿಜಯದಶಮಿ. ಕಳಿಂಗದ ರಕ್ತ ಕಂಡು ಯುದ್ಧ ಬಿಟ್ಟ ಅರಸನ ನೆನಪಿನ ದಿನ. ಡಿಸೆಂಬರ್ 6ರಂದು ಅವರು ಪರಿನಿಬ್ಬಾಣ ಹೊಂದಿದರು.

ಕೋರೆಗಾಂವ್ ಇರುವುದು ಭೀಮಾ ನದಿಯ ದಡದಲ್ಲಿ. ಅದೇ ಭೀಮಾ ಹರಿದು ನಮ್ಮ ಕಲಬುರಗಿ ಜಿಲ್ಲೆಗೆ ಬರುತ್ತದೆ. ಅಲ್ಲಿನ ಸನ್ನತಿಯಲ್ಲಿ ಅಶೋಕನ ಶಾಸನವಿದೆ. ಕಳಿಂಗದ ಜನರಿಗಾಗಿ ಬರೆಸಿದ ಮಾತುಗಳೇ ಅಲ್ಲಿಯೂ ಇವೆ. ಕಂಬ ನೋಡಲು ಹೋಗುವವರು ಒಮ್ಮೆ ಸನ್ನತಿಗೂ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಇಂದಿನ ಪ್ರಶ್ನೆ: ಸಿಟ್ಟು ಬಂದಾಗ ಕೈಯನ್ನು ತಡೆದು, ಹಕ್ಕನ್ನು ಮಾತ್ರ ಬಿಡದೆ ನಿಲ್ಲುವುದು ನನ್ನಿಂದ ಆಗುತ್ತಿದೆಯೇ?

ಭವತು ಸಬ್ಬ ಮಂಗಲಂ.