ರೋಗಿಯ ಮಂಚದ ಬಳಿಯಲ್ಲಿ ಕಲಿಸಿದ ವೈದ್ಯರು

ವ್ಯಾಧಿಯನ್ನು ಗುರುತಿಸುವ ಕಣ್ಣನ್ನು ವಿದ್ಯೆಯು ಕೊಡಬಲ್ಲದು. ಆದರೆ ವ್ಯಾಧಿಯಿಂದ ನರಳುವವನ ನೋವನ್ನು ತಿಳಿಯುವ ಹೃದಯವನ್ನು ಕಲಿಸಿಕೊಡುವದು ಹೇಗೆ? ಈ ಪ್ರಶ್ನೆಗೆ ತಮ್ಮ ನಡತೆಯಿಂದಲೇ ಉತ್ತರ ಕೊಟ್ಟವರಲ್ಲಿ ಸರ್ ವಿಲಿಯಂ ಓಸ್ಲರ್ ಎಂಬ ವೈದ್ಯರು ಮುಖ್ಯರು.

ಓಸ್ಲರರು 1849ನೆಯ ಇಸವಿ ಜುಲೈ 12ರಂದು ಕೆನಡಾ ದೇಶದ ಬಾಂಡ್ ಹೆಡ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರ ತಂದೆ ಆ ಸೀಮೆಯ ಸಭಾಪಾಲಕರು. ಮಗನು ಕೂಡ ಸಭಾಸೇವೆಗೆಂದೇ ಓದತೊಡಗಿ, ತರುವಾಯ ವೈದ್ಯವಿದ್ಯೆಯ ಕಡೆಗೆ ತಿರುಗಿ, 1872ರಲ್ಲಿ ಮಾಂಟ್ರಿಯಲ್ ಪಟ್ಟಣದ ಮೆಕ್‌ಗಿಲ್ ವಿದ್ಯಾಲಯದಲ್ಲಿ ತೇರ್ಗಡೆಯಾದರು. ಎರಡು ವರ್ಷಗಳ ಮೇಲೆ ಅಲ್ಲಿಯೇ ಬೋಧಕರಾದರು.

1875ರಲ್ಲಿ ಇಂಗ್ಲೆಂಡಿನಿಂದ ಬಂದಿದ್ದ ಒಬ್ಬ ಯೌವನಸ್ಥನು ಆ ಪಟ್ಟಣದಲ್ಲಿ ಸಿಡುಬು ತಗಲಿ ಮಲಗಿದನು. ಅವನ ತಾಯಿತಂದೆಗಳು ಸಮುದ್ರದ ಆಚೆಯಲ್ಲಿದ್ದರು. ಮರಣವು ಸಮೀಪಿಸಿದಾಗ ಅವನು ತಾಯಿಯನ್ನು ನೆನಸಿ, ಯೆಶಾಯನ ಗ್ರಂಥದ 43ನೆಯ ಅಧ್ಯಾಯವನ್ನು ತೆರೆಯಬೇಕೆಂದು ಬೇಡಿಕೊಂಡನು. ಔಷಧವು ಇನ್ನು ಫಲಿಸದೆಂದು ತಿಳಿದಿದ್ದರೂ ಓಸ್ಲರರು ಅವನ ಬಳಿಯನ್ನು ಬಿಟ್ಟು ಹೋಗಲಿಲ್ಲ. ಪ್ರಾಣ ಹೋಗುವ ವೇಳೆಯಲ್ಲಿ ಅವನಿಗೋಸ್ಕರ ಪ್ರಾರ್ಥನೆಯನ್ನು ಓದಿದರು. ಬಳಿಕ ನಡೆದದ್ದನ್ನೆಲ್ಲಾ ಅವನ ತಂದೆಗೆ ಕಾಗದದಲ್ಲಿ ಬರೆದು ತಿಳಿಸಿದರು. ಸುಮಾರು 30 ವರ್ಷಗಳಾದ ಮೇಲೆ ಅವರು ಇಂಗ್ಲೆಂಡಿನಲ್ಲಿ ಆ ಮನೆಯವರನ್ನು ಸಂಧಿಸಿದಾಗ, ಅವರು ಆ ಉಪಕಾರವನ್ನು ಮರೆತಿರಲಿಲ್ಲ.

ಆ ಕಾಲದಲ್ಲಿ ಅಮೇರಿಕದ ಅನೇಕ ವೈದ್ಯಶಾಲೆಗಳಲ್ಲಿ ವಿದ್ಯಾರ್ಥಿಯು ಉಪನ್ಯಾಸಗಳನ್ನು ಕೇಳಿ, ರೋಗಿಯ ಕೈಯನ್ನು ಒಂದು ಸಾರಿಯಾದರೂ ಹಿಡಿದು ನೋಡದೆ ಡಾಕ್ಟರನಾಗಿ ಹೊರಡಬಹುದಾಗಿತ್ತು. ಓಸ್ಲರರು 1889ರಲ್ಲಿ ಬಾಲ್ಟಿಮೋರ್ ಪಟ್ಟಣದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಮುಖ್ಯ ವೈದ್ಯರಾಗಿ ಬಂದರು. 1892ರಲ್ಲಿ ಅವರು ಬರೆದ ವೈದ್ಯಗ್ರಂಥವು ಬಹು ಪ್ರಸಿದ್ಧವಾಯಿತು. ಆದರೂ ಪುಸ್ತಕವೊಂದೇ ಸಾಕೆಂದು ಅವರು ಎಣಿಸಲಿಲ್ಲ. 1893ರಲ್ಲಿ ಅಲ್ಲಿ ವೈದ್ಯಶಾಲೆಯು ತೆರೆಯಲ್ಪಟ್ಟಿತು. ಅದರ ಕಡೇ ವರ್ಷದ ವಿದ್ಯಾರ್ಥಿಗಳಿಗೆ ಕೆಲವು ಕೆಲವು ಮಂಚಗಳನ್ನು ಒಪ್ಪಿಸಲಾಯಿತು. ಆ ಮಂಚದ ಮೇಲೆ ಮಲಗಿದವನ ವೃತ್ತಾಂತವನ್ನು ಕೇಳಿ ಬರೆಯುವದು, ದಿನದಿನವೂ ಅವನನ್ನು ನೋಡುವದು, ಗುರುಗಳು ಬಂದಾಗ ಅವನ ಸ್ಥಿತಿಯನ್ನು ವಿವರಿಸುವದು ವಿದ್ಯಾರ್ಥಿಯ ಕೆಲಸವಾಗಿತ್ತು.

ಇದರಲ್ಲಿ ಒಂದು ಅಪಾಯವೂ ಉಂಟು. ಬಡ ರೋಗಿಯ ಸುತ್ತಲೂ ಹತ್ತು ಮಂದಿ ವಿದ್ಯಾರ್ಥಿಗಳು ನಿಂತರೆ, ಅವನು ಮನುಷ್ಯನೆಂಬದು ಮರೆತುಹೋಗಿ ಬರೀ ಪಾಠದ ವಸ್ತುವಾಗಿ ಕಾಣಬಹುದು. ಆದರೆ ಓಸ್ಲರರ ಕಲಿಸುವಿಕೆಯು ಮಂಚದ ಹತ್ತಿರವೇ ನಿಲ್ಲಲಿಲ್ಲ. 1899ರ ಸುಮಾರಿಗೆ ಅವರು ಕ್ಷಯರೋಗಿಗಳ ಮನೆಗಳಿಗೆ ವೈದ್ಯವಿದ್ಯಾರ್ಥಿನಿಯರನ್ನು ಕಳುಹಿಸಿದರು. ಬೆಳಕಿಲ್ಲದ ಇಕ್ಕಟ್ಟಾದ ಕೋಣೆಗಳಲ್ಲಿ ಜನರು ಒತ್ತೊತ್ತಾಗಿ ವಾಸಿಸುವದನ್ನು ಇವರು ಕಣ್ಣಾರೆ ಕಂಡರು. ಒಳ್ಳೇ ಗಾಳಿ, ಪುಷ್ಟಿಯಾದ ಆಹಾರ, ವಿಶ್ರಾಂತಿ ಇವು ಬೇಕೆಂದು ಆಸ್ಪತ್ರೆಯಲ್ಲಿ ಹೇಳುವದು ಸುಲಭ. ಕೂಲಿಯಿಂದ ಜೀವಿಸುವವನು ಅದರಂತೆ ನಡೆಯುವದು ಎಷ್ಟು ಕಷ್ಟವೆಂಬದು ಮನೆಯ ಹೊಸ್ತಿಲು ದಾಟಿದ ಮೇಲೆಯೇ ತಿಳಿಯುವದು.

ವೈದ್ಯನು ಗಾಬರಿಪಡದೆ ಶಾಂತಚಿತ್ತನಾಗಿರಬೇಕೆಂದು ಓಸ್ಲರರು ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದರು. ಆದರೆ ಆ ಶಾಂತಿಯ ನೆವದಿಂದ ಹೃದಯವು ಕಲ್ಲಾಗಬಾರದೆಂದು ಕೂಡಲೇ ಎಚ್ಚರಿಸುತ್ತಿದ್ದರು.

1905ರಲ್ಲಿ ಅವರು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಮುಖ್ಯ ವೈದ್ಯಾಧ್ಯಾಪಕರಾಗಿ ಹೋದರು. ಅಲ್ಲಿ ನಾಯಿಕೆಮ್ಮಿನಿಂದ ಬಳಲಿ ಊಟವನ್ನೇ ಬಿಟ್ಟಿದ್ದ ಒಬ್ಬ ಹುಡುಗನನ್ನು ನೋಡಲು, ಪದವಿದಾನದ ಸಭೆಗೆ ಹೋಗುವ ದಾರಿಯಲ್ಲಿ, ಕೆಂಪು ನಿಲುವಂಗಿಯನ್ನು ಧರಿಸಿಕೊಂಡೇ ಬಂದರು. ಒಂದು ಹಣ್ಣಿನ ಸಿಪ್ಪೆಯನ್ನು ಸುಲಿದು, ಸಕ್ಕರೆ ಹಚ್ಚಿ, ತುಂಡು ತುಂಡಾಗಿ ತಾವೇ ತಿನ್ನಿಸಿದರು. ಆ ಉಡುಪು ಮಗುವಿಗೆ ಹರ್ಷವುಂಟುಮಾಡಿದ್ದನ್ನು ಕಂಡು, ಮುಂದೆ ಅನೇಕ ದಿನಗಳ ವರೆಗೂ ಅದನ್ನು ಧರಿಸಿಯೇ ಅವನ ಬಳಿಗೆ ಬಂದರು. ಹುಡುಗನು ಗುಣಹೊಂದಿದನು.

1917ನೆಯ ಆಗಸ್ಟ್ ತಿಂಗಳಲ್ಲಿ ಮಹಾಯುದ್ಧದ ದುಃಖವು ಓಸ್ಲರರ ಮನೆಯನ್ನೂ ಹೊಕ್ಕಿತು. ಅವರಿಗೆ ಉಳಿದಿದ್ದ ಒಬ್ಬನೇ ಮಗ ರೆವೀರ್, 21 ವರ್ಷದವನು, ಬೆಲ್ಜಿಯಂ ದೇಶದ ಯುದ್ಧರಂಗದಲ್ಲಿ ಗಾಯಪಟ್ಟನು. ತಂದೆಯು ದೂರದಲ್ಲಿದ್ದರು. ಆದರೆ ಬಾಲ್ಟಿಮೋರಿನಲ್ಲಿ ಅವರ ನೆರೆಮನೆಯಲ್ಲಿದ್ದ ಶಸ್ತ್ರವೈದ್ಯರಾದ ಹಾರ್ವಿ ಕುಶಿಂಗರು ಸುದ್ದಿ ಕೇಳಿ ಆ ರಾತ್ರಿಯೇ ಹುಡುಗನ ಬಳಿಗೆ ಧಾವಿಸಿ, ಬೆಳಿಗ್ಗೆ ಅವನು ತೀರಿಕೊಳ್ಳುವ ವರೆಗೂ ಅಲ್ಲಿಯೇ ಇದ್ದರು. ಹಿಂದೆ ಪರದೇಶದಲ್ಲಿ ಮತ್ತೊಬ್ಬರ ಮಗನ ಬಳಿಯಲ್ಲಿ ಓಸ್ಲರರು ಕೂತಿದ್ದಂತೆಯೇ, ಈಗ ಅವರ ಮಗನ ಬಳಿಯಲ್ಲಿ ಮತ್ತೊಬ್ಬ ವೈದ್ಯರು ಕೂತರು.

ಓಸ್ಲರರು 1919ನೆಯ ಡಿಸೆಂಬರ್ 29ರಂದು ತೀರಿಕೊಂಡರು. ರಾಜರಿಂದ ದೊರೆತ ಬಿರುದು ಅವರಿಗಿತ್ತು, ಲೋಕವೆಲ್ಲಾ ಓದಿದ ಗ್ರಂಥವಿತ್ತು. ಆದರೂ ವಿದ್ಯಾರ್ಥಿಗಳಿಗೆ ರೋಗಿಗಳ ಮಂಚದ ಬಳಿಯಲ್ಲಿ ಕಲಿಸಿದವನೆಂಬ ಮಾತೊಂದೇ ತಮ್ಮ ಸಮಾಧಿಗೆ ಸಾಕೆಂಬದು ಅವರ ಇಷ್ಟವಾಗಿತ್ತು.

ಪ್ರಿಯ ವಾಚಕರೇ, ನಾವೆಲ್ಲರೂ ವೈದ್ಯರಲ್ಲ. ಆದರೆ ನೆರೆಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಬಾಗಲಲ್ಲಿ ನಿಂತು ವಿಚಾರಿಸಿ ಹೋಗುವದು ಒಂದು. ಒಳಗೆ ಹೋಗಿ ಬಳಿಯಲ್ಲಿ ಕೂತುಕೊಳ್ಳುವದು ಬೇರೊಂದು. ಎರಡನೆಯದನ್ನು ಮಕ್ಕಳು ನಮ್ಮನ್ನು ನೋಡಿಯೇ ಕಲಿಯುವರು.