ಕಸದಲ್ಲಿ ಮಣ್ಣಿನ ಜೀವ ಕಂಡ ಆಲ್ಬರ್ಟ್ ಹೊವಾರ್ಡ್



ಸುಗ್ಗಿ ಮುಗಿದೊಡನೆ ಹತ್ತಿಕಟ್ಟಿಗೆಗೆ, ಕಬ್ಬಿನ ರವದಿಗೆ ಬೆಂಕಿ ಇಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಈ ಸಲ ಕಡ್ಡಿ ಗೀರುವ ಮುನ್ನ, ಆ ಕಸಕ್ಕಾಗಿಯೇ ಬಾಳಿನ ಬಹುಭಾಗ ಸವೆಸಿದ ಒಬ್ಬ ವಿಜ್ಞಾನಿಯ ವಿಷಯ ತಿಳಿದುಕೊಳ್ಳಿ.

ಆಲ್ಬರ್ಟ್ ಹೊವಾರ್ಡ್ 1873ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಒಕ್ಕಲು ಮನೆತನದಲ್ಲಿ ಹುಟ್ಟಿದರು. ಕೇಂಬ್ರಿಜ್‌ನಲ್ಲಿ ಓದಿ, ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಬೆಳೆಗಳ ರೋಗಗಳನ್ನು ಅಭ್ಯಾಸ ಮಾಡಿದರು. ರೋಗಕ್ಕೆ ಮದ್ದು ಹೇಳಬೇಕಾದ ತಮಗೆ ಅದನ್ನು ಪರೀಕ್ಷಿಸಲು ಸ್ವಂತ ಹೊಲವಿಲ್ಲವೆಂಬ ಕೊರಗು ಅಲ್ಲಿ ಅವರನ್ನು ಕಾಡಿತು. 1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಬಂದಾಗ ಆ ಕೊರಗು ತೀರಿತು. ಪತ್ನಿ ಗೇಬ್ರಿಯೆಲ್ ಸಹ ಸಸ್ಯವಿಜ್ಞಾನಿ. ಇಬ್ಬರೂ ಕೂಡಿ ಪೂಸಾ 4, ಪೂಸಾ 12 ಎಂಬ ಗೋಧಿ ತಳಿಗಳನ್ನು ಕೊಟ್ಟರು. ಸುತ್ತಲಿನ ರೈತರ ಪೈರು ಔಷಧಿಯಿಲ್ಲದೆಯೂ ಬಹುಮಟ್ಟಿಗೆ ನಿರೋಗಿಯಾಗಿರುವುದನ್ನು ಕಂಡ ಹೊವಾರ್ಡ್, ಆ ರೈತರನ್ನೇ ಗುರುಗಳೆಂದು ಭಾವಿಸಿದರು.

1924ರಲ್ಲಿ ಅವರು ಇಂದೋರ್‌ನಲ್ಲಿ ಸಂಶೋಧನಾ ಸಂಸ್ಥೆಯೊಂದನ್ನು ಆರಂಭಿಸಿದರು. ಅದು ಹತ್ತಿ ಬೆಳೆಯುವ ಕಪ್ಪು ಭೂಮಿ. ಸಗಣಿಯ ಬಹುಪಾಲು ಬೆರಣಿಯಾಗಿ ಒಲೆ ಸೇರುತ್ತಿತ್ತು; ಹೊಲಕ್ಕೆ ಉಳಿಯುತ್ತಿದ್ದುದು ಸ್ವಲ್ಪವೇ.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿಡಿ. ಮಣ್ಣಿನಲ್ಲಿ ಎರಡು ಬಗೆಯ ಪದಾರ್ಥಗಳಿವೆ. ಮರಳು, ರೇವೆ, ಜೇಡಿ ಇವು ಬಂಡೆ ಸವೆದು ಆದವು, ಇವೇ ನಿರವಯವ. ಇವು ಕೊಳೆಯುವುದಿಲ್ಲ, ಸುಡುವುದಿಲ್ಲ. ಬೇರು, ಎಲೆ, ಸಗಣಿ, ಸತ್ತ ಹುಳು ಇವು ಜೀವದಿಂದ ಬಂದವು, ಇವೇ ಸಾವಯವ. ಇವುಗಳಲ್ಲಿರುವ ಇಂಗಾಲವೇ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಹಾರ. ಅವು ತಿಂದು ಉಳಿದ ಕಪ್ಪು ಪದಾರ್ಥವು ಮಣ್ಣಿನ ಕಣಗಳನ್ನು ಹರಳುಗಟ್ಟಿಸುತ್ತದೆ, ನೀರನ್ನು ಹಿಡಿದಿಡುತ್ತದೆ. ಮರಳು, ಜೇಡಿ ಶತಮಾನಗಳವರೆಗೆ ಉಳಿಯುತ್ತವೆ. ಸಾವಯವ ಅಂಶ ನಮ್ಮಂಥ ಬಿಸಿಲುನಾಡಿನಲ್ಲಿ ಬೇಗ ಕರಗುತ್ತದೆ. ಅದನ್ನು ವರ್ಷವರ್ಷವೂ ತುಂಬಲೇಬೇಕು. ಕಸ ಸುಟ್ಟಾಗ ಹೊಗೆಯಾಗಿ ಹೋಗುವುದು ಇದೇ ಸಾವಯವ ಅಂಶ, ಜೊತೆಗೆ ಸಾರಜನಕ. ಉಳಿಯುವ ಬೂದಿ ಬರೀ ನಿರವಯವ.

ಈ ನಷ್ಟ ತಡೆಯಲು ಹೊವಾರ್ಡ್ ಮತ್ತು ಅವರ ಸಹೋದ್ಯೋಗಿ ಯಶವಂತ ವಾಡ್ ರೂಪಿಸಿದ್ದೇ ಇಂದೋರ್ ಕಾಂಪೋಸ್ಟ್ ಪದ್ಧತಿ. ಗಟ್ಟಿ ಹತ್ತಿಕಟ್ಟಿಗೆಯನ್ನು ದಾರಿಯ ಮೇಲೆ ಹರಡಿ ಬಂಡಿಗಳ ಗಾಲಿಗೆ ಸಿಕ್ಕಿಸಿ ಪುಡಿ ಮಾಡಿಸಿದರು. ಕಸ, ಸಗಣಿ ರಾಡಿ, ಗಂಜಲ ನೆನೆದ ಮಣ್ಣು, ಬೂದಿ ಇವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ತೇವ ಕಾಯ್ದರು. ಒಣಕಸ ಒಂದೇ ಬೇಗ ಕೊಳೆಯದು. ಸಗಣಿ ಗಂಜಲದ ಸಾರಜನಕ ಸೇರಿದರೆ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ಗಾಳಿಯಾಡಲೆಂದು ಮೂರು ಸಲ ತಿರುವಿ ಹಾಕಿದರೆ ಸುಮಾರು 3 ತಿಂಗಳಲ್ಲಿ ಗೊಬ್ಬರ ಸಿದ್ಧ.

1930ರಲ್ಲಿ ಗೇಬ್ರಿಯೆಲ್ ತೀರಿಕೊಂಡರು. ಮರುವರ್ಷ ಹೊವಾರ್ಡ್ ಮತ್ತು ವಾಡ್ ಈ ಪದ್ಧತಿಯನ್ನು ಪುಸ್ತಕವಾಗಿ ಪ್ರಕಟಿಸಿದರು. ಹೊವಾರ್ಡ್ ತಾಯ್ನಾಡಿಗೆ ಮರಳಿದರು. 1934ರಲ್ಲಿ ಸರ್ ಪದವಿ ಬಂದಿತು. 1947ರಲ್ಲಿ ಅವರು ನಿಧನರಾದರು.

ತಿರುವಿ ಹಾಕುವ ಆಳು, ನೀರು ಎಲ್ಲರಿಗೂ ಒದಗುವುದಿಲ್ಲವಷ್ಟೆ. ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಗುಂಡಿಯನ್ನು ಕೆಸರುಮಣ್ಣಿನಿಂದ ಮೆತ್ತಿಬಿಟ್ಟರೆ ಸಾಕು; ಕಾಲ ಮಾತ್ರ ಹೆಚ್ಚು ಹಿಡಿಯುತ್ತದೆ.

ಹೊವಾರ್ಡ್ ರಸಗೊಬ್ಬರವನ್ನು ಕಟುವಾಗಿ ವಿರೋಧಿಸಿದರು. ಆ ಮಾತನ್ನು ಇಂದು ಪೂರ್ತಿಯಾಗಿ ಒಪ್ಪಲಾಗದು. ಗೊಬ್ಬರ ತಿಪ್ಪೆಯದಾಗಲಿ ಚೀಲದ್ದಾಗಲಿ, ಬೇರು ಸಾರಜನಕವನ್ನು ಬಹುತೇಕ ಅಮೋನಿಯಂ, ನೈಟ್ರೇಟ್ ರೂಪದಲ್ಲೇ ಹೀರುತ್ತದೆ. 100 ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕವಿದ್ದರೆ, ಅಷ್ಟೇ ತೂಕದ ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ಸುಮಾರು ಅರ್ಧ ಕಿಲೋ. ಆದರೆ ಮಣ್ಣನ್ನು ಹರಳುಗಟ್ಟಿಸಿ ನೀರು ಹಿಡಿಸುವ ಕೆಲಸ ಯೂರಿಯಾದಿಂದ ಆಗದು. ಆದುದರಿಂದ ಮೊದಲು ಮಣ್ಣಿಗೆ ಸಾವಯವ ಗೊಬ್ಬರ. ಅದರ ಮೇಲೆ ಮಣ್ಣು ಪರೀಕ್ಷೆ ಹೇಳಿದಷ್ಟೇ ರಸಗೊಬ್ಬರ.

ಈ ವರ್ಷ ಹೊಲದ ಮೂಲೆಯಲ್ಲಿ ಒಂದೇ ಒಂದು ಗುಂಡಿ ತೆಗೆದು ನೋಡಿ. ಮುಂದಿನ ಮಳೆ ಕೈಕೊಟ್ಟಾಗ ಗೊಬ್ಬರ ಬಿದ್ದ ಸಾಲಿಗೂ ಬೀಳದ ಸಾಲಿಗೂ ಇರುವ ವ್ಯತ್ಯಾಸ ನಿಮಗೇ ಕಾಣುತ್ತದೆ.