ಫರ್ಡಿನೆಂಡ್ ಕಿಟೆಲ್

ಮಕ್ಕಳೇ, ಓದುವಾಗ ಗೊತ್ತಿಲ್ಲದ ಪದ ಬಂದರೆ ನೀವೇನು ಮಾಡುತ್ತೀರಿ? ಗುರುಗಳನ್ನು ಕೇಳುತ್ತೀರಿ. ಗುರುಗಳಿಗೂ ಸಂದೇಹ ಬಂದರೆ ಅವರು ನಿಘಂಟನ್ನು ತೆರೆದು ನೋಡುತ್ತಾರೆ. ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಅರ್ಥ ಹೇಳುವ ಪುಸ್ತಕವೇ ನಿಘಂಟು. ಕನ್ನಡಕ್ಕೆ ಒಂದು ಹಿರಿಯ ನಿಘಂಟನ್ನು ಕೊಟ್ಟವರು ಕನ್ನಡಿಗರಲ್ಲ. ಅವರು ಜರ್ಮನಿ ದೇಶದವರು. ಅವರ ಹೆಸರು ಫರ್ಡಿನೆಂಡ್ ಕಿಟೆಲ್.

ಕಿಟೆಲ್ ಅವರು 1832ರಲ್ಲಿ ಜರ್ಮನಿಯ ವಾಯವ್ಯ ಭಾಗದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಕ್ರೈಸ್ತ ಪಾದ್ರಿ. ಬಾಲಕ ಫರ್ಡಿನೆಂಡನಿಗೆ ಭಾಷೆಗಳನ್ನು ಕಲಿಯುವುದೆಂದರೆ ಬಹಳ ಪ್ರೀತಿ. ಮುಂದೆ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯಲ್ಲಿ ಓದಿದರು. ಆ ಸಂಸ್ಥೆಯು ಕ್ರೈಸ್ತಧರ್ಮದ ಪ್ರಚಾರಕ್ಕಾಗಿ ದೂರದ ದೇಶಗಳಿಗೆ ಜನರನ್ನು ಕಳುಹಿಸುತ್ತಿತ್ತು. ಹಾಗೆ 1853ರಲ್ಲಿ ಕಿಟೆಲ್ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ.

ಅವರು ಮೊದಲು ನೆಲೆಸಿದ ಊರು ಧಾರವಾಡ. ಊರು ಹೊಸದು, ಬಿಸಿಲು ಹೊಸದು, ಊಟ ಹೊಸದು, ಮಾತು ಹೊಸದು. ಜನರ ಮಾತು ತಿಳಿಯದೆ ಜನರ ಮನಸ್ಸು ತಿಳಿಯದು ಎಂಬುದು ಕಿಟೆಲ್ ಅವರಿಗೆ ಬೇಗ ಅರ್ಥವಾಯಿತು. ಅವರು ಹಗಲಿರುಳು ಕನ್ನಡ ಕಲಿತರು. ಪಂಡಿತರಿಂದ ಕಾವ್ಯಗಳನ್ನು ಓದಿಸಿಕೊಂಡರು. ಹಳ್ಳಿಹಳ್ಳಿಗೆ ನಡೆದು ಹೋಗಿ ಜನರ ಮಾತಿಗೆ ಕಿವಿಗೊಟ್ಟರು. ಇಲ್ಲಿಯ ಜನರಂತೆಯೇ ಸರಳವಾಗಿ ಬದುಕಲು ಬಯಸಿದರು. ಇದು ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ಆದರೂ ಕಿಟೆಲ್ ಅವರ ಕನ್ನಡದ ಹಂಬಲ ಕಡಿಮೆಯಾಗಲಿಲ್ಲ.

ಮುಂದೆ ಅವರು ಮಂಗಳೂರು ಮತ್ತು ಮಡಿಕೇರಿಗಳಲ್ಲಿ ಕೆಲಸ ಮಾಡಿದರು. 1862ರಲ್ಲಿ ಏಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡ ಪದ್ಯಗಳಾಗಿ ಬರೆದರು. ಎರಡೇ ವರ್ಷಗಳಲ್ಲಿ, 1864ರಲ್ಲಿ, ಅವರ ಪತ್ನಿ ಪೌಲೀನ್ ತೀರಿಕೊಂಡರು. ತಾಯ್ನಾಡಿನಿಂದ ಬಹು ದೂರದಲ್ಲಿ ಬಂದ ದುಃಖವದು. ಕಿಟೆಲ್ ಅದನ್ನು ಸಹಿಸಿಕೊಂಡು ಕೆಲಸ ಮುಂದುವರಿಸಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ ಎಂಬ ಹಳಗನ್ನಡ ವ್ಯಾಕರಣವನ್ನು 1872ರಲ್ಲಿ ಶೋಧಿಸಿ ಅಚ್ಚು ಹಾಕಿಸಿದರು. ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಹೊರತಂದರು.

ಕಿಟೆಲ್ ಅವರಿಗಿಂತ ಮೊದಲೇ ಒಂದು ಕನ್ನಡ ನಿಘಂಟು ಇತ್ತು. ಅದನ್ನು ಮಾಡಿದವರು ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಪಾದ್ರಿ. ಅದು 1832ರಲ್ಲಿ, ಅಂದರೆ ಕಿಟೆಲ್ ಹುಟ್ಟಿದ ವರ್ಷದಲ್ಲೇ, ಮದರಾಸಿನಲ್ಲಿ ಅಚ್ಚಾಯಿತು. ನಮ್ಮ ಆಲೂರು, ಆದೋನಿ ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಹೀಗಾಗಿ ನಿಘಂಟಿನ ಕಥೆಯಲ್ಲಿ ನಮ್ಮ ಸೀಮೆಯ ಹೆಸರೂ ಬರುತ್ತದೆ. ಆದರೆ ಹಳಗನ್ನಡದ ಪದಗಳಿಂದ ಹಳ್ಳಿಯ ಆಡುಮಾತಿನವರೆಗೆ ಎಲ್ಲವನ್ನೂ ಒಂದೆಡೆ ತರುವ ಕೆಲಸ ಇನ್ನೂ ಉಳಿದಿತ್ತು. ಕಿಟೆಲ್ ಆ ಭಾರವನ್ನು ಹೊತ್ತರು.

ಅದು ಒಂದೆರಡು ವರ್ಷಗಳ ಕೆಲಸವಲ್ಲ. ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ತಾಳೆಗರಿಯ ಪ್ರತಿಗಳನ್ನು ಓದಬೇಕು. ಗಾದೆಗಳನ್ನು ಕೂಡಿಸಬೇಕು. ಗಿಡಮರಗಳ ಹೆಸರು, ರೈತರ ಮಾತು, ಕಸುಬುದಾರರ ಮಾತು ಎಲ್ಲವನ್ನೂ ಕೇಳಿ ಬರೆದುಕೊಳ್ಳಬೇಕು. ಈ ಕೆಲಸದಲ್ಲಿ ಕನ್ನಡದ ಪಂಡಿತರು ಅವರಿಗೆ ನೆರವಾದರು. ಒಂದೊಂದು ಪದಕ್ಕೂ ತೆಲುಗು, ತಮಿಳು, ಮಲಯಾಳ, ತುಳು ಭಾಷೆಗಳಲ್ಲಿ ನೆಂಟರಿದ್ದಾರೆಯೇ ಎಂದು ಕಿಟೆಲ್ ಹುಡುಕಿದರು. ನಾವು ‘ಹಾಲು’ ಎನ್ನುತ್ತೇವೆ. ಹಳಗನ್ನಡದಲ್ಲಿ ಅದು ‘ಪಾಲ್’. ನಮ್ಮ ನೆರೆಮನೆಯವರು ತೆಲುಗಿನಲ್ಲಿ ‘ಪಾಲು’ ಎನ್ನುತ್ತಾರೆ. ‘ಊರು’ ಎಂಬುದು ಎರಡೂ ಭಾಷೆಗಳಲ್ಲಿ ಊರೇ. ಎರಡು ಭಾಷೆಗಳ ನಡುವೆ ಬೆಳೆಯುವ ನಿಮಗೆ ಈ ನೆಂಟಸ್ತಿಕೆ ಬಲು ಬೇಗ ತಿಳಿಯುತ್ತದೆ.

ರಾತ್ರಿ ಹಗಲು ಓದಿ ಬರೆದು ಕಿಟೆಲ್ ಅವರ ಕಣ್ಣುಗಳು ಸೋತವು. ಆರೋಗ್ಯ ಕೆಟ್ಟಿತು. ನಿಘಂಟಿನ ಮುದ್ರಣ ಮುಗಿಯುವ ಮೊದಲೇ, 1892ರಲ್ಲಿ, ಅವರು ಜರ್ಮನಿಗೆ ಮರಳಬೇಕಾಯಿತು. ಆದರೂ ಕೈಹಿಡಿದ ಕೆಲಸವನ್ನು ಅವರು ಬಿಡಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಅದರಲ್ಲಿ ಸುಮಾರು 70,000 ಪದಗಳಿವೆ, 1,700ಕ್ಕೂ ಹೆಚ್ಚು ಪುಟಗಳಿವೆ. ಅದಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ನೀಡಿ ಗೌರವಿಸಿತು.

ಕಿಟೆಲ್ ಸುಮ್ಮನೆ ಕೂರಲಿಲ್ಲ. ಕುಂದಿದ ದೃಷ್ಟಿಯಲ್ಲೇ ಕನ್ನಡ ವ್ಯಾಕರಣವೊಂದನ್ನು ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ ನಗರದಲ್ಲಿ ಕಣ್ಮುಚ್ಚಿದರು.

ಕಿಟೆಲ್ ಈ ನಾಡಿಗೆ ಬಂದದ್ದು ತಮ್ಮ ಧರ್ಮವನ್ನು ತಿಳಿಸಲು. ಆದರೆ ಜನರು ಇಂದಿಗೂ ಅವರನ್ನು ನೆನೆಯುವುದು ಅವರು ಕಲಿತ ಕನ್ನಡಕ್ಕಾಗಿ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ. ಅವರಿಗೆ ಕನ್ನಡ ಕಲಿತು ಪಡೆದ ಭಾಷೆ. ನಮಗೆ ಅದು ತಾಯಿಯ ಮಡಿಲಲ್ಲೇ ಸಿಕ್ಕ ಭಾಷೆ. ನಾವು ಅದನ್ನು ಎಷ್ಟು ಪ್ರೀತಿಯಿಂದ ಕಲಿಯಬೇಕು, ಯೋಚಿಸಿ.